ಬಳ್ಳಾರಿ ಹತ್ತಿರ ಗುಡ್ಡದ ಬುಡದಲ್ಲಿ ಟೆಂಟ್ ಹಾಕಲು ಜಾಗ: ಅನುಭವ ಇದ್ದವರು ಹೇಳಿ

ಕೇಳಿದವರು, ಬಳ್ಳಾರಿ

ನಾವು ಎರಡು ಮನೆಯವರು, ಜೊತೆಗೆ ಮಕ್ಕಳು. ಡಿಸೆಂಬರ್ ರಜೆಯಲ್ಲಿ ಒಂದು ರಾತ್ರಿ ಗುಡ್ಡದ ಬುಡದಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತ ಆಸೆ. ಊರಿಂದ ಬಹಳ ದೂರ ಬೇಡ, ಕಾರು ಹತ್ತಿರದವರೆಗೆ ಹೋಗಬೇಕು. ಒಬ್ಬರು ಸಂಡೂರು ಅಂತಾರೆ, ಇನ್ನೊಬ್ಬರು ಸಂಗನಕಲ್ಲು, ಮತ್ತೊಬ್ಬರು ಆನೆಗೊಂದಿ. ಜಾಗ ಹೇಗೆ ಆರಿಸಬೇಕು? ರಾತ್ರಿ ಉಳಿದು ಬಂದವರು ದಯವಿಟ್ಟು ತಿಳಿಸಿ. ನಾನು, ನಮ್ಮ ಓರಗಿತ್ತಿ ಇಬ್ಬರೂ ಇದಕ್ಕೆ ಹೊಸಬರು.

ಸಂಡೂರಿನಿಂದ

ಅಕ್ಕಾ, ಗುಡ್ಡದ ಮೇಲೆ ಅಥವಾ ಗುಡ್ಡದ ಸಂದಿಯಲ್ಲಿ ಜಾಗ ಹುಡುಕಬೇಡಿ. ಗುಡ್ಡ ಎದುರಿಗೆ ಕಾಣುವ ಹೊಲ ಹುಡುಕಿ, ಹೊಲದ ಯಜಮಾನರನ್ನು ಕೇಳಿ ಅಲ್ಲೇ ಟೆಂಟ್ ಹಾಕಿ. ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದು ಹೀಗೆಯೇ.

ಯಾಕೆ ಅಂದರೆ, ನಮ್ಮ ಕಡೆಯ ಗುಡ್ಡಗಳಲ್ಲಿ ಬಹುಪಾಲು ಮೀಸಲು ಅರಣ್ಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ. ಇನ್ನೊಂದಷ್ಟು ಗಣಿ ಜಾಗ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು, ಆಮೇಲೆ ಮತ್ತೆ ಶುರುವಾಯಿತು. ಹಳೆಯ ಗುಂಡಿಗಳು ಅಲ್ಲಲ್ಲಿ ಹಾಗೇ ಇವೆ. ಮಳೆಗಾಲದ ನೀರು ನಿಂತು ನೋಡಲು ಚೆಂದ ಕಾಣುತ್ತವೆ, ಆದರೆ ಅಂಚಿನ ಕೆಂಪು ಮಣ್ಣು ಕಾಲಿಟ್ಟರೆ ಕುಸಿಯುತ್ತದೆ. ಮಕ್ಕಳಿರುವಾಗ ಆ ಕಡೆ ಹೋಗಲೇಬೇಡಿ. ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕವೂ ಬೇಡ. ರಾತ್ರಿಯೆಲ್ಲ ಧೂಳು, ಸದ್ದು.

ಇನ್ನು ಕರಡಿ. ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಹಾಗಂತ ಕರಡಿಗಳು ಅಲ್ಲಿ ಮಾತ್ರ ಇವೆ ಅಂತಲ್ಲ. ಸುತ್ತಮುತ್ತಲ ಕಲ್ಲುಗುಡ್ಡಗಳಲ್ಲೆಲ್ಲ ಇವೆ. ಹಗಲು ಬಂಡೆಗಳ ಗವಿಯಲ್ಲಿ ಮಲಗಿ, ಸಂಜೆ ಬಿಸಿಲು ತಗ್ಗಿದ ಮೇಲೆ ಕೆಳಗಿಳಿಯುತ್ತವೆ, ಬೆಳಗಾಗುವಾಗ ವಾಪಸ್ ಹತ್ತುತ್ತವೆ. ಅಂದರೆ ನೀವು ಟೆಂಟ್‌ನಲ್ಲಿರುವ ಹೊತ್ತು, ಅವು ಓಡಾಡುವ ಹೊತ್ತು ಎರಡೂ ಒಂದೇ. ಗುಡ್ಡದಿಂದ ಇಳಿಯುವ ಹಳ್ಳ ಅವುಗಳ ದಾರಿ. ಬಾರೆಹಣ್ಣಿನ ಗಿಡ, ಗೆದ್ದಲಿನ ಹುತ್ತ ಅವುಗಳ ಊಟ. ಡಿಸೆಂಬರ್‌ನಲ್ಲಿ ಬಾರೆಹಣ್ಣು ಹಣ್ಣಾಗುವ ಕಾಲ. ಕೆರೆದು ಬಗೆದಿರುವ ಹುತ್ತ ಕಂಡರೆ, ಬೀಜ ತುಂಬಿದ ದೊಡ್ಡ ಲದ್ದಿ ಕಂಡರೆ ಆ ಜಾಗ ಬಿಟ್ಟುಬಿಡಿ. ಜಾಗ ಎಷ್ಟೇ ಚೆನ್ನಾಗಿದ್ದರೂ ಸರಿ. ಬೆಲ್ಲ, ಬಾಳೆಹಣ್ಣು, ಸಿಹಿತಿಂಡಿ ಟೆಂಟ್ ಒಳಗೆ ಇಡಬೇಡಿ, ಕಾರಿನಲ್ಲಿಟ್ಟು ಗಾಜು ಏರಿಸಿ.

ಜಾಗ ನೋಡಲು ಮಧ್ಯಾಹ್ನ ಮೂರರೊಳಗೆ ಹೋಗಿ. ಗುಡ್ಡದ ಪೂರ್ವಕ್ಕಿರುವ ಹೊಲ ಸಿಕ್ಕರೆ ಒಳ್ಳೆಯದು. ನಾಲ್ಕು ಗಂಟೆ ದಾಟುತ್ತಿದ್ದಂತೆ ಗುಡ್ಡದ ನೆರಳು ಬೀಳುತ್ತದೆ, ನೆಲ ಬೇಗ ತಣ್ಣಗಾಗುತ್ತದೆ. ಬೆಳಗ್ಗೆ ಬಿಸಿಲು ಬೇಗ ಬಂದು ಇಬ್ಬನಿಗೆ ನೆನೆದ ಟೆಂಟ್ ಒಣಗುತ್ತದೆ. ಪಶ್ಚಿಮದ ಬಂಡೆ ಸೂರ್ಯ ಮುಳುಗುವವರೆಗೂ ಕಾಯುತ್ತದೆ, ಆಮೇಲೆ ಕಾದ ಹೆಂಚಿನ ಹಾಗೆ ಬಹಳ ಹೊತ್ತು ಬಿಸಿ ಬಿಡುತ್ತಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಅದು ಹಿತವೇ ಅನ್ನಿಸಬಹುದು, ಮಾರ್ಚ್ ಆದ ಮೇಲೆ ತಡೆಯೋಕಾಗಲ್ಲ. ತೀರಾ ತಗ್ಗಿನ ಜಾಗವೂ ಬೇಡ. ರಾತ್ರಿ ಗುಡ್ಡದ ತಣ್ಣನೆ ಗಾಳಿ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ, ಮಕ್ಕಳಿಗೆ ಚಳಿ ಗ್ಯಾರಂಟಿ.

ಮಣ್ಣು ನೋಡಿ. ಕೆಂಪು ಮಸಾರಿ ನೆಲ ಟೆಂಟ್‌ಗೆ ಚೆನ್ನ, ಗೂಟ ಹಿಡಿಯುತ್ತದೆ, ನೀರು ನಿಲ್ಲುವುದಿಲ್ಲ. ಎರೆ ಹೊಲ ಒಣಗಿದಾಗ ಬಿರುಕು ಬಿಟ್ಟಿರುತ್ತದೆ, ಚೇಳು, ಹಾವು ಆ ಬಿರುಕಿನಲ್ಲಿ ಸೇರಿಕೊಳ್ಳುತ್ತವೆ. ನಾಲ್ಕು ಹನಿ ಮಳೆ ಬಿದ್ದರೂ ಸಾಕು, ಕಾರು ಹೂತು ಹೋಗುತ್ತದೆ. ಹಾಸುಬಂಡೆಯ ಮೇಲೆ ಗೂಟ ಇಳಿಯುವುದಿಲ್ಲ, ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಬೇಕು. ಆಮೇಲೆ ಬಳ್ಳಾರಿ ಜಾಲಿ. ಟೆಂಟ್ ಬಿಚ್ಚುವ ಮೊದಲು ನೆಲವನ್ನು ಕಸಬರಿಗೆಯಿಂದ ಗುಡಿಸಿ. ಅದರ ಮುಳ್ಳು ಚಪ್ಪಲಿ ತೂರಿ ಬರುತ್ತದೆ, ಟೆಂಟ್‌ನ ತಳ ಯಾವ ಲೆಕ್ಕ?

ಕೌಲ್‌ಬಜಾರ್‌ನಿಂದ

ಸಂಗನಕಲ್ಲು, ಕಪ್ಪಗಲ್ಲು ಹಗಲು ನೋಡಿ ಬರುವ ಜಾಗ. ದಯವಿಟ್ಟು ಅಲ್ಲಿ ರಾತ್ರಿ ಉಳಿಯುವ ಯೋಚನೆ ಬೇಡ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಅಲ್ಲಿ ಬಾಳಿದ್ದಾರೆ, ದನ ಸಾಕಿದ್ದಾರೆ, ಕಲ್ಲಿನ ಕೊಡಲಿ ಮಾಡಿದ್ದಾರೆ, ಬಂಡೆಗಳ ಮೇಲೆ ಗೂಳಿಗಳನ್ನು ಕೆತ್ತಿದ್ದಾರೆ. ಕಲ್ಲು ಕ್ವಾರಿಯಿಂದ ಈಗಾಗಲೇ ಎಷ್ಟೋ ಹಾಳಾಗಿದೆ. ಮಕ್ಕಳಿಗೆ ಮೊದಲು ನಮ್ಮ ಊರಿನಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ತೋರಿಸಿ, ಆಮೇಲೆ ಗುಡ್ಡಕ್ಕೆ ಕರೆದುಕೊಂಡು ಹೋಗಿ. ಅವರಿಗೆ ಆಗ ತುಂಬಾ ಅರ್ಥವಾಗುತ್ತದೆ.

ಬೆಂಕಿಯ ಬಗ್ಗೆ ಸಂಡೂರಿನ ಸರ್ ಹೇಳಿಲ್ಲ, ನಾನು ಹೇಳುತ್ತೇನೆ. ಎಲ್ಲೇ ಆಗಲಿ, ಚಾಚಿಕೊಂಡ ಬಂಡೆಯ ಕೆಳಗೆ ಒಲೆ ಹಚ್ಚಬೇಡಿ. ಗಾಳಿ ತಡೆಯುತ್ತದೆ ಅಂತ ಎಲ್ಲರೂ ಅಲ್ಲೇ ಹಚ್ಚುತ್ತಾರೆ. ತಲೆ ಎತ್ತಿ ನೋಡಿ, ಅಲ್ಲಿ ಹೆಜ್ಜೇನು ಇರುತ್ತದೆ. ಹೊಗೆ ತಾಗಿತೆಂದರೆ ಇಡೀ ಗೂಡು ಏಳುತ್ತದೆ, ಓಡಿದರೂ ಬಿಡುವುದಿಲ್ಲ. ಇನ್ನೊಂದು, ನಮ್ಮ ಗ್ರಾನೈಟ್ ಬಂಡೆ ಒಂದೇ ಕಡೆ ಕಾದರೆ ಪದರು ಸಿಡಿಯುತ್ತದೆ. ಹಳೇ ಕಾಲದಲ್ಲಿ ಕಲ್ಲು ಸೀಳಲು ಬೆಂಕಿ ಹಾಕುತ್ತಿದ್ದದ್ದೂ ಇದೇ ಕಾರಣಕ್ಕೆ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಸಾಕು. ಸಣ್ಣ ಗ್ಯಾಸ್ ಒಲೆ ಒಯ್ಯಿರಿ. ಇಲ್ಲ ಅಂದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಸಂಜೆ ತಿನ್ನಲು ಊರಿಂದಲೇ ಒಗ್ಗಾಣಿ, ಮಿರ್ಚಿ ತೆಗೆದುಕೊಂಡರೆ ಅಡುಗೆ ತಾಪತ್ರಯವೇ ಇಲ್ಲ.

ಗಂಗಾವತಿಯಿಂದ

ಆನೆಗೊಂದಿ, ಸಣಾಪುರ ಕಡೆ ಬರುವುದಾದರೆ ಬಯಲಲ್ಲಿ ಟೆಂಟ್ ಬೇಡವೇ ಬೇಡ. ಇಲ್ಲಿ ಚಿರತೆ ಇವೆ, ಜನರ ಭಯವೂ ಇದೆ. 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದುಷ್ಕರ್ಮಿಗಳು ದಾಳಿ ಮಾಡಿ, ಕಾಲುವೆಗೆ ತಳ್ಳಿದ್ದರಿಂದ ಒಬ್ಬರು ಪ್ರಾಣ ಕಳೆದುಕೊಂಡರು. ನಮ್ಮ ಊರಿಗೆ ಅದು ಇನ್ನೂ ಮಾಯದ ನೋವು. ಇಲ್ಲಿ ಹೋಂಸ್ಟೇಗಳಿವೆ, ಅವರ ಅಂಗಳದಲ್ಲೇ ಟೆಂಟ್ ಹಾಕಲು ಕೇಳಿ. ಗುಡ್ಡ, ಗದ್ದೆ, ನಕ್ಷತ್ರ ಎಲ್ಲವೂ ಅಲ್ಲಿಂದಲೇ ಕಾಣುತ್ತವೆ.

ನದಿಯ ಮರಳ ದಂಡೆ ಎಷ್ಟೇ ಕರೆದರೂ ಅಲ್ಲಿ ಮಲಗಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ರಾತ್ರೋರಾತ್ರಿ ನೀರು ನುಗ್ಗಿತು. ಅದು ಅಪರೂಪವೇ ಇರಬಹುದು. ಆದರೆ ಡ್ಯಾಮಿನ ಕೆಳಗಿನ ನದಿ ಮೇಲಿನವರು ಬಿಟ್ಟಾಗ ಏರುತ್ತದೆ, ಇಲ್ಲಿ ಮಳೆ ಬಂದಿದೆಯೋ ಇಲ್ಲವೋ ನೋಡುವುದಿಲ್ಲ. ಹಿರೇಬೆಣಕಲ್‌ನ ಕಲ್ಲುಗೋರಿಗಳಿಗೆ ಬೇಕಿದ್ದರೆ ಬೆಳಗ್ಗೆ ಬೇಗ ಹತ್ತಿ, ಬಿಸಿಲೇರುವ ಮೊದಲು ಇಳಿಯಿರಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹೊಲವೇ ಸರಿ ಅನ್ನಿಸಿದೆ. ಸಂಡೂರಿನ ಅಣ್ಣ, ಗುರುತಿಲ್ಲದ ರೈತರನ್ನು ಹೇಗೆ ಕೇಳುವುದು? ಹೆಣ್ಣುಮಕ್ಕಳಿಗೆ ಶೌಚಕ್ಕೆ ಏನು ವ್ಯವಸ್ಥೆ?

ಸಂಡೂರಿನಿಂದ

ಒಂದು ವಾರ ಮೊದಲು ಹಗಲು ಹೋಗಿ ಊರಿನ ಚಹಾ ಅಂಗಡಿಯಲ್ಲಿ ಕೂತು ಕೇಳಿ ಅಕ್ಕಾ. ಮನೆಮಂದಿ, ಮಕ್ಕಳು ಬರ್ತೀವಿ, ಕುಡಿತ ಇಲ್ಲ, ಸ್ಪೀಕರ್ ಇಲ್ಲ ಅಂತ ಮೊದಲೇ ಹೇಳಿ. ಇಲ್ಲ ಅನ್ನುವವರು ಕಡಿಮೆ. ಕೊಯ್ಲಾದ ಹೊಲ ಅಥವಾ ಕಣ ಇರುವ ಜಾಗ ಕೇಳಿ, ಕಡಲೆ, ಜೋಳ ನಿಂತಿರುವ ಹೊಲ ಬೇಡ. ಮನೆ ಕೂಗಳತೆಯಲ್ಲಿದ್ದರೆ ಇನ್ನೂ ಒಳ್ಳೆಯದು. ದುಡ್ಡು ಬೇಡ ಅಂದರೂ ಕೈಗೆ ಕೊಟ್ಟೇ ಬನ್ನಿ.

ಒಂದನ್ನು ಮರೆಯದೆ ಕೇಳಬೇಕು: ಅಕ್ಕಪಕ್ಕದ ಹೊಲಕ್ಕೆ ಯಾರಾದರೂ ಹಂದಿ ತಡೆಯಲು ಕರೆಂಟ್ ತಂತಿ ಬಿಟ್ಟಿದ್ದಾರಾ ಅಂತ. ಅದು ಕಾನೂನಿಗೆ ವಿರುದ್ಧ, ಆದರೂ ಕೆಲವರು ಮಾಡುತ್ತಾರೆ, ಜೀವ ಹೋಗಿವೆ. ಅದಕ್ಕೇ ಕತ್ತಲಾದ ಮೇಲೆ ಬದು ದಾಟಿ ಯಾರೂ ಹೋಗಬಾರದು. ಶೌಚಕ್ಕೆ ಬೆಳಕಿರುವಾಗಲೇ ಟೆಂಟ್ ಹತ್ತಿರ, ಬಾವಿ, ಬೋರ್‌ವೆಲ್‌ನಿಂದ ದೂರ, ಮೊಣಕೈ ಆಳದ ಗುಂಡಿ ತೋಡಿ. ಸುತ್ತ ನಾಲ್ಕು ಕೋಲು ನೆಟ್ಟು ಹಳೇ ಸೀರೆ ಕಟ್ಟಿ, ಬಳಸಿದ ಮೇಲೆ ಮಣ್ಣು ಮುಚ್ಚಿ. ಕುಡಿಯುವ ನೀರಿಗೆ ಮನೆಯಿಂದಲೇ 20 ಲೀಟರ್ ಕ್ಯಾನ್ ಒಯ್ಯಿರಿ, ನಮ್ಮ ಕಡೆ ಎಷ್ಟೋ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ರಾತ್ರಿ ಹೊರಗೆ ಕಾಲಿಡುವ ಮುನ್ನ ಬೂಟು ಕೊಡವಿ ಹಾಕಿಕೊಳ್ಳಿ, ಟಾರ್ಚ್ ಕೈಯಲ್ಲಿರಲಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಆ ಜಾಗದಲ್ಲಿ ಮೊಬೈಲ್ ಸಿಗ್ನಲ್ ಇದೆಯಾ ಅಂತ ಮೊದಲ ಸಲ ಹೋದಾಗಲೇ ನೋಡಿಕೊಂಡು ಬನ್ನಿ.