ಯೂಗ್ಲೀನಾದಲ್ಲಿ ಎಲೆಯ ಚಿತ್ರ ಮೂಡುತ್ತಿಲ್ಲ, ಹಸಿರೆಲ್ಲ ಒಂದೇ ಅಂಚಿಗೆ ಸರಿಯುತ್ತಿದೆ

ಹಸಿರುಹನಿ:

ನಮಸ್ಕಾರ. ಈಜುವ ಹಸಿರು ಏಕಕೋಶ ಜೀವಿ ಯೂಗ್ಲೀನಾ ಗ್ರಾಸಿಲಿಸ್ ಕಲ್ಚರ್‌ನಲ್ಲಿ ಬೆಳಕಿನಿಂದ ಒಂದು ಎಲೆಯ ಆಕಾರ ಮೂಡಿಸಬೇಕು. ಜೋಡಣೆ ಹೀಗಿದೆ. 90 ಮಿ.ಮೀ. ಪೆಟ್ರಿ ತಟ್ಟೆ, ಅದರಲ್ಲಿ 40 ಮಿ.ಲೀ. ಕಲ್ಚರ್. ತಟ್ಟೆ ಗಾಜಿನ ಹಲಗೆಯ ಮೇಲಿದೆ, ಕೆಳಗೆ 5 ಸೆಂ.ಮೀ. ದೂರದಲ್ಲಿ ಬಿಳಿ ಎಲ್‌ಇಡಿ ಟಾರ್ಚ್ ಪೂರ್ತಿ ಪ್ರಖರತೆಯಲ್ಲಿ ಉರಿಯುತ್ತದೆ. ತಟ್ಟೆಯ ತಳಕ್ಕೆ ಒತ್ತಿದಂತೆ ಪಾರದರ್ಶಕ ಹಾಳೆ. ಅದರ ಮೇಲೆ ಲೇಸರ್ ಪ್ರಿಂಟರ್‌ನಲ್ಲಿ ಕಪ್ಪು ಹಿನ್ನೆಲೆ ಮುದ್ರಿಸಿ ಎಲೆಯ ಭಾಗವನ್ನು ಖಾಲಿ ಬಿಟ್ಟಿದ್ದೇನೆ. ಕಿಟಕಿ ಪಕ್ಕದ ಬಿಳಿ ಮೇಜಿನ ಮೇಲೆ 30 ನಿಮಿಷ.

ಆಗುತ್ತಿರುವುದು ಮೂರು. ಹಸಿರಿನ ಬಹುಪಾಲು ತಟ್ಟೆಯ ಒಂದು ಬದಿಯಲ್ಲಿ ಚಂದ್ರಕಲೆಯ ಹಾಗೆ ಕಟ್ಟಿಕೊಳ್ಳುತ್ತದೆ. ಎಲೆಯ ಒಳಗೆ ಹಸಿರು ತುಂಬುವ ಬದಲು ಅಲ್ಲೇ ತಿಳಿಯಾಗುತ್ತದೆ. ಉಳಿದ ಕಡೆ ಚುಕ್ಕೆ ಚುಕ್ಕೆಯಾಗಿ, ಬಲೆ ಬಲೆಯಾಗಿ ಏನೋ ಕಾಣಿಸಿಕೊಂಡು ನಿಧಾನಕ್ಕೆ ಅಲುಗುತ್ತಿರುತ್ತದೆ. ಕಲ್ಚರ್ ಸತ್ತಿಲ್ಲ, ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಈಜುತ್ತಿವೆ. ಎಲ್ಲಿ ತಪ್ಪಿದೆ?

ಬೆಳಕಿಂಡಿ:

ಮೂರು ತೊಂದರೆಗೂ ಬೇರು ಒಂದೇ. ಯೂಗ್ಲೀನಾ ಬೆಳಕಿರುವ ಜಾಗವನ್ನು ಹುಡುಕಿಕೊಂಡು ಬರುವುದಿಲ್ಲ, ಬೆಳಕು ಬರುವ ದಿಕ್ಕನ್ನು ಹಿಡಿದು ಈಜುತ್ತದೆ. ಈಜುವಾಗ ಅದು ತನ್ನ ಅಕ್ಷದ ಸುತ್ತ ಉರುಳುತ್ತಿರುತ್ತದೆ. ಬೆಳಕು ಪಕ್ಕದಿಂದ ಬಿದ್ದರೆ ಪ್ರತಿ ಸುತ್ತಿಗೊಮ್ಮೆ ಕಿತ್ತಳೆ ಬಣ್ಣದ ಕಣ್ಚುಕ್ಕೆ, ಕಶಾಂಗದ (ಈಜಲು ಬಳಸುವ ಚಾವಟಿಯಂಥ ಬಾಲ) ಬುಡದಲ್ಲಿರುವ ಬೆಳಕು ಗ್ರಹಿಸುವ ಉಬ್ಬಿಗೆ ನೆರಳು ಕೊಡುತ್ತದೆ. ನೆರಳು ಬಿದ್ದಾಗಲೆಲ್ಲ ಜೀವಿ ಸ್ವಲ್ಪ ತಿರುಗುತ್ತದೆ. ಬೆಳಕಿಗೆ ನೇರವಾದ ಮೇಲೆ ನೆರಳಿನ ಮಿಣುಕು ನಿಲ್ಲುತ್ತದೆ, ಈಜು ನೆಟ್ಟಗಾಗುತ್ತದೆ. ಕಣ್ಚುಕ್ಕೆಗೆ ಆ ಹೆಸರಿದ್ದರೂ ಬೆಳಕನ್ನು ಗ್ರಹಿಸುವುದು ಅದಲ್ಲ, ಅದರ ಮುಂದಿನ ಭಾಗ ಎಂದು 1882ರಲ್ಲೇ ತಿಯೊಡೋರ್ ಎಂಗೆಲ್ಮನ್ ತೋರಿಸಿದ್ದರು.

ಇದನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ತಟ್ಟೆ ನೋಡಿ. ಚಂದ್ರಕಲೆ ಕಟ್ಟುವ ಬದಿ ಕಿಟಕಿಗೆ ಮುಖ ಮಾಡಿದ್ದೇ ಆಗಿರಬೇಕು. ಅಡ್ಡಲಾಗಿ ಬರುವ ಬೆಳಕು ಎಷ್ಟು ಮಂದವಾಗಿದ್ದರೂ ಅದಕ್ಕೆ ಸ್ಪಷ್ಟವಾದ ದಿಕ್ಕಿದೆ, ಈಜಲು ಅಷ್ಟು ಸಾಕು. ಬಿಳಿ ಮೇಜು ಚೆಲ್ಲುವ ಬೆಳಕೂ ಅಂಚಿನ ಗಾಜಿನ ಮೂಲಕ ಒಳಗೆ ಬರುತ್ತದೆ. ಕತ್ತಲೆ ಕೋಣೆ ಅಥವಾ ಒಳಗೆಲ್ಲ ಮಾಸಲು ಕಪ್ಪು ಕಾಗದ ಅಂಟಿಸಿದ ರಟ್ಟಿನ ಡಬ್ಬಿ ಬೇಕೇ ಬೇಕು. ತಟ್ಟೆಯ ಸುತ್ತ ಗೋಡೆಯ ಎತ್ತರಕ್ಕೆ ಕಪ್ಪು ಟೇಪ್ ಸುತ್ತಿ.

ಎಲೆಯ ಒಳಗೆ ತಿಳಿಯಾಗುವುದಕ್ಕೆ ಕಾರಣ ಅತಿ ಬೆಳಕು. ಮಂದ ಬೆಳಕಿನಲ್ಲಿ ಯೂಗ್ಲೀನಾ ಮೂಲದತ್ತ ಬರುತ್ತದೆ, ಪ್ರಖರವಾದರೆ ಹಿಂತಿರುಗಿ ಓಡುತ್ತದೆ. ಚದರ ಮೀಟರಿಗೆ ಸುಮಾರು 10 ವ್ಯಾಟ್ ದಾಟಿದರೆ ಓಡುವುದೇ ಹೆಚ್ಚು. ಬಿಳಿ ಎಲ್‌ಇಡಿಯ ಲೆಕ್ಕದಲ್ಲಿ ಅದು 3,000 ಲಕ್ಸ್ ಆಸುಪಾಸು. ಟಾರ್ಚ್ 5 ಸೆಂ.ಮೀ. ದೂರದಲ್ಲಿದ್ದರೆ ನೀವು ಅದರ ಹಲವು ಪಟ್ಟು ಕೊಡುತ್ತಿದ್ದೀರಿ. ಚಿತ್ರ ಮೂಡಿದೆ, ಆದರೆ ತಲೆಕೆಳಗಾಗಿ.

ಬಲೆಯಂತೆ ಕಾಣುವುದು ಜೈವಿಕ ಸಂವಹನ (ಬಯೋಕನ್ವೆಕ್ಷನ್), ಅಂದರೆ ಜೀವಿಗಳ ಈಜಿನಿಂದ ನೀರಿನಲ್ಲಿ ಏಳುವ ಹರಿವು. 40 ಮಿ.ಲೀ. ಹಾಕಿದರೆ ಆ ತಟ್ಟೆಯಲ್ಲಿ ಆಳ 6 ಮಿ.ಮೀ. ದಾಟುತ್ತದೆ. ಯೂಗ್ಲೀನಾಕ್ಕೆ ಮೊದಲೇ ಗುರುತ್ವಕ್ಕೆ ಎದುರಾಗಿ ಮೇಲಕ್ಕೆ ಈಜುವ ಸ್ವಭಾವ, ಕೆಳಗಿನಿಂದ ಪ್ರಖರ ಬೆಳಕು ಅದನ್ನು ಇನ್ನೂ ಮೇಲಕ್ಕೆ ಓಡಿಸುತ್ತದೆ. ಮೈ ನೀರಿಗಿಂತ ತುಸು ಭಾರ. ಮೇಲೆ ದಟ್ಟಣೆಯಾದ ಪದರ ತಡೆಯಲಾರದೆ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ನೋಡಲು ಸುಂದರ, ಆದರೆ ಯಾವ ಚಿತ್ರವನ್ನೂ ಉಳಿಯಗೊಡುವುದಿಲ್ಲ. ಆಳವನ್ನು 2 ಮಿ.ಮೀ.ಗೆ ಇಳಿಸಿ: ಆ ತಟ್ಟೆಗೆ 12–13 ಮಿ.ಲೀ. ಸಾಕು. ತಟ್ಟೆ ಸಮತಟ್ಟಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಇಷ್ಟು ತೆಳುವಾದ ಪದರದಲ್ಲಿ 1 ಮಿ.ಮೀ. ಓರೆಯೂ ಎದ್ದು ಕಾಣುತ್ತದೆ.

ಬೆಳಕನ್ನು ಮೇಲಿನಿಂದ ಕೊಡಿ. ಆಗ ಗುರುತ್ವದ ಒಲವು, ಬೆಳಕಿನ ಒಲವು ಎರಡೂ ಒಂದೇ ಕಡೆಗೆ ಸೇರುತ್ತವೆ. ಮಸೂರವಿಲ್ಲದ 1 ವ್ಯಾಟ್ ಬಿಳಿ ಎಲ್‌ಇಡಿ, ಹಿಂದೆ ಹೀಟ್ ಸಿಂಕ್, 350 ಮಿಲಿಆಂಪಿಯರ್ ಡ್ರೈವರ್. ತಟ್ಟೆಯಿಂದ 25–30 ಸೆಂ.ಮೀ. ಎತ್ತರದಲ್ಲಿ ಇಟ್ಟರೆ 300ರಿಂದ 500 ಲಕ್ಸ್ ಸಿಗುತ್ತದೆ, ಅಲ್ಲಿಂದ ಶುರು ಮಾಡಿ. ನೀಲಿ ಎಲ್‌ಇಡಿ, 450ರಿಂದ 470 ನ್ಯಾನೋಮೀಟರಿನದು, ಇನ್ನೂ ಚೆನ್ನ. ಯೂಗ್ಲೀನಾ ನೋಡುವುದೇ ನೀಲಿಯನ್ನು. ಆದರೆ ಲಕ್ಸ್ ಅಳತೆ ಮನುಷ್ಯನ ಕಣ್ಣಿಗೆ ಹೊಂದಿಸಿದ್ದು, ನೀಲಿಯನ್ನು ಬಹಳ ಕಡಿಮೆ ತೋರಿಸುತ್ತದೆ. ಮೀಟರ್ ನಂಬಿ ನೀಲಿಯನ್ನು ಏರಿಸುತ್ತಾ ಹೋದರೆ ಮತ್ತೆ ಚಿತ್ರ ತಲೆಕೆಳಗು.

ಲೇಸರ್ ಮುದ್ರಣದ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ, ಜರಡಿಯ ಹಾಗೆ ಸೂಜಿರಂಧ್ರಗಳು ಕಾಣುತ್ತವೆ. ಒಂದೇ ಮುದ್ರಣದ ಎರಡು ಹಾಳೆ ಒಂದರ ಮೇಲೊಂದು ಜೋಡಿಸಿ, ಇಲ್ಲವೇ ದಪ್ಪ ಕಪ್ಪು ಕಾರ್ಡ್ ಕೊರೆಯಿರಿ. ಅಲ್ಯೂಮಿನಿಯಂ ಹಾಳೆ ಬೇಡ, ಒಳಗೆಲ್ಲ ಪ್ರತಿಫಲಿಸುತ್ತದೆ.

ಪಾಚಿಪಟ:

ಬೆಳಕಿಂಡಿ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ದಿಕ್ಕು ಮುಖ್ಯವೇ, ಆದರೆ ಅಷ್ಟರಿಂದಲೇ ಚಿತ್ರ ನಿಲ್ಲುವುದಿಲ್ಲ. ಬೆಳಕಿನಲ್ಲಿದ್ದ ಯೂಗ್ಲೀನಾ ಅಲೆಯುತ್ತಾ ಕತ್ತಲೆಯ ಗಡಿ ದಾಟಿದರೆ ಬೆಳಕು ಥಟ್ಟನೆ ಕಡಿಮೆಯಾದದ್ದಕ್ಕೆ ಬೆಚ್ಚಿ ತಿರುಗಿಕೊಳ್ಳುತ್ತದೆ, ಅನೇಕವು ಒಳಗೇ ಹಿಂತಿರುಗುತ್ತವೆ. ಕತ್ತಲೆಯಿಂದ ಮಂದ ಬೆಳಕಿಗೆ ಬರುವಾಗ ಅಂಥ ತಡೆಯಿಲ್ಲ. ಒಳಬರುವ ಬಾಗಿಲು ತೆರೆದೇ ಇದೆ, ಹೊರಹೋಗುವ ಬಾಗಿಲು ಅರ್ಧ ಮುಚ್ಚಿದೆ. ಆಕಾರದ ಗೆರೆ ಕಾಣುವುದು ಈ ಕಾರಣಕ್ಕೆ. ಗಡಿ ಥಟ್ಟನೆ ಬದಲಾಗುವಷ್ಟು ಚೂಪಾಗಿರಬೇಕು. ಮಸುಕಾಗಿದ್ದರೆ ಅವು ಬೆಚ್ಚುವುದೇ ಇಲ್ಲ.

ತಟ್ಟೆಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಸಣ್ಣ ಗಾಜಿನ ಸೀಸೆಗೆ ಕಲ್ಚರ್ ತುಂಬಿಸಿ, ಕಪ್ಪು ಕಾಗದ ಸುತ್ತಿ, ಪಕ್ಕದಲ್ಲಿ 5 ಮಿ.ಮೀ. ತೂತು ಬಿಡಿ. ಚಿತ್ರಕ್ಕೆ ಬಳಸುವ ಅದೇ ದೀಪವನ್ನು ಅದೇ ದೂರದಲ್ಲಿ ತೂತಿನ ಎದುರಿಗಿಟ್ಟು 20 ನಿಮಿಷದ ನಂತರ ಕಾಗದ ತೆಗೆಯಿರಿ. ತೂತಿದ್ದಲ್ಲಿ ಹಸಿರು ಚುಕ್ಕೆ ಕಟ್ಟಿದ್ದರೆ ಬೆಳಕು ಸರಿಯಾಗಿದೆ. ಅಲ್ಲಿ ಖಾಲಿ, ಹಿಂದೆ ಹಸಿರು ಇದ್ದರೆ ದೀಪವನ್ನು ಎರಡರಷ್ಟು ದೂರ ಸರಿಸಿ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಎಲ್ಲೂ ಏನೂ ಕಟ್ಟಿಲ್ಲವೆಂದರೆ ದೋಷ ದೀಪದ್ದಲ್ಲ, ಕಲ್ಚರ್‌ನದು.

ಕಲ್ಚರ್ ಬಗ್ಗೆ: ಹೊಸ ದ್ರವಕ್ಕೆ ವರ್ಗಾಯಿಸಿ ಮೂರು ನಾಲ್ಕು ದಿನವಾದದ್ದು ಉತ್ತಮ. ಹಳೆಯದರಲ್ಲಿ ಅನೇಕವು ಉಂಡೆಯಾಗಿ ತಳ ಸೇರಿರುತ್ತವೆ. ತೆಳು ಮಾಡಲು ಶುದ್ಧ ಬಟ್ಟಿಯಿಳಿಸಿದ ನೀರು ಬೇಡ, ಬೆಳೆಸುವ ದ್ರವವನ್ನೇ ಬಳಸಿ. ಥಟ್ಟನೆ ಲವಣ ಬದಲಾದರೆ ಈಜು ಕೆಡುತ್ತದೆ. ನಲ್ಲಿ ನೀರನ್ನು ತೆರೆದಿಟ್ಟರೆ ಒಂದು ದಿನದಲ್ಲಿ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ ಹಾಕಿದ ನೀರಾದರೆ ಹೋಗುವುದಿಲ್ಲ.

ಹೊತ್ತು ಕೂಡ ನೋಡಿಕೊಳ್ಳಿ. ಯೂಗ್ಲೀನಾದ ಬೆಳಕಿನತ್ತ ಈಜುವ ಗುಣಕ್ಕೆ ದಿನದ ಲಯವಿದೆ. ವಿಕ್ಟರ್ ಬ್ರೂಸ್ ಮತ್ತು ಕೋಲಿನ್ ಪಿಟ್ಟೆಂಡ್ರಿಗ್ 1956ರಲ್ಲಿ ಇದರ ಮೇಲೆಯೇ ಜೈವಿಕ ಗಡಿಯಾರದ ಕೆಲಸ ಮಾಡಿದ್ದರು. 12 ಗಂಟೆ ಬೆಳಕು, 12 ಗಂಟೆ ಕತ್ತಲೆಯಲ್ಲಿ ಬೆಳೆಸಿದ್ದರೆ ಅವುಗಳ ಹಗಲಿನ ನಡುಭಾಗದಲ್ಲಿ ಚಿತ್ರಕ್ಕೆ ಇಡಿ. ನಿಮ್ಮ ಬಿಡುವಿನ ರಾತ್ರಿ ಹೊತ್ತು ಅವಕ್ಕೂ ರಾತ್ರಿಯಾಗಿದ್ದರೆ ಸೊರಗಿದ ಚಿತ್ರ ಬರುತ್ತದೆ.

ನೂಲೆಳೆ:

ನನ್ನ ಕಲ್ಚರ್ ತೆಳು ಹಸಿರು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ದಟ್ಟ ಮಾಡಿಕೊಂಡರೆ ಆಗದೇ?

ಪಾಚಿಪಟ:

ವೇಗವಾಗಿ ತಿರುಗಿಸಿದರೆ ಕಶಾಂಗ ಉದುರಬಹುದು. ಈಜಲು ಬಾಲವಿಲ್ಲದ ಜೀವಿಯಿಂದ ಚಿತ್ರ ಬರುವುದಿಲ್ಲ, ಮತ್ತೆ ಬೆಳೆಯುವವರೆಗೆ ಕಾಯಬೇಕು. ಮೇಲೆ ಹೇಳಿದ ಸೀಸೆಯನ್ನೇ ಬಳಸಿ. ತೂತಿನೆದುರು ಕಟ್ಟಿದ ಹಸಿರನ್ನು ಪಿಪೆಟ್‌ನಿಂದ ಮೆಲ್ಲಗೆ ಎಳೆದುಕೊಳ್ಳಿ. ದಟ್ಟವೂ ಆಗುತ್ತದೆ, ಸತ್ತವು, ಉಂಡೆಯಾದವು, ಕಸ ಎಲ್ಲ ಹಿಂದೆಯೇ ಉಳಿಯುತ್ತದೆ. ಹೀಗೆ ಆರಿಸಿದವುಗಳಿಂದ ಬರುವ ಚಿತ್ರದ ಹಿನ್ನೆಲೆ ಎಷ್ಟು ಸ್ವಚ್ಛವಾಗಿರುತ್ತದೆ ಎಂಬುದನ್ನು ಒಮ್ಮೆ ನೋಡಿದರೆ ಸೆಂಟ್ರಿಫ್ಯೂಜ್ ನೆನಪಾಗುವುದಿಲ್ಲ.

ಹಸಿರುಹನಿ:

ತುಂಬಾ ಧನ್ಯವಾದ. ಸೀಸೆಯ ಪರೀಕ್ಷೆಯಲ್ಲಿ ಹಸಿರು ಚುಕ್ಕೆ ಬಂತು. 12 ಮಿ.ಲೀ., ಕಪ್ಪು ಡಬ್ಬಿ, ಮೇಲಿನಿಂದ ಬೆಳಕು. 25 ನಿಮಿಷಕ್ಕೆ ಎಲೆ ಮೂಡಿತು! ಅಂಚಿನ ಚಂದ್ರಕಲೆ ಇಲ್ಲ, ಬಲೆಯೂ ಇಲ್ಲ. ಆದರೆ ಗೆರೆ ಮಸುಕು, ಎಲೆಯ ತೊಟ್ಟು ಕಾಣುವುದೇ ಇಲ್ಲ. ಜೊತೆಗೆ ಸಾಸಿವೆ ಗಾತ್ರದ ಹಸಿರು ಚುಕ್ಕೆಗಳು ಎಲೆಯೊಳಗೆ ಅಲ್ಲಲ್ಲಿ. ಹೊಸ ಎಲ್‌ಇಡಿ ಇನ್ನೂ ಸಿಕ್ಕಿಲ್ಲ. ಹಳೆಯ ಟಾರ್ಚ್ ಮುಂದೆ 6 ಸೆಂ.ಮೀ. ಅಗಲದ ಬಟರ್ ಪೇಪರ್ ಹಿಡಿದು ಮಂದ ಮಾಡಿದ್ದೇನೆ, ಅದು ತಟ್ಟೆಯಿಂದ 20 ಸೆಂ.ಮೀ. ಮೇಲಿದೆ. ಮಾಸ್ಕ್, ಅಂದರೆ ಎಲೆಯ ಆಕಾರ ಬಿಟ್ಟ ಕಪ್ಪು ಹಾಳೆ, ಈಗ ಮುಚ್ಚಳದ ಮೇಲಿದೆ. ದೀಪ ಆರಿಸಿದ ಕೂಡಲೇ ಚಿತ್ರ ಚದುರುತ್ತದೆ, ಫೋಟೊ ತೆಗೆಯಲೂ ಬಿಡುವಿಲ್ಲ.

ಬೆಳಕಿಂಡಿ:

ಮಸುಕಿಗೆ ಬಟರ್ ಪೇಪರ್ ಕಾರಣ. ಅದು ಬೆಳಕನ್ನು ಮಂದ ಮಾಡುವುದರ ಜೊತೆ ಮೂಲವನ್ನು ಅಗಲವಾಗಿಸಿದೆ. ಗೆರೆಯ ಮಸುಕು ಎಷ್ಟೆಂದು ಲೆಕ್ಕ ಹಾಕುವುದು ಸುಲಭ: ಮೂಲದ ಅಗಲವನ್ನು ಮಾಸ್ಕ್‌ಗೂ ನೀರಿಗೂ ಇರುವ ಅಂತರದಿಂದ ಗುಣಿಸಿ, ಮೂಲಕ್ಕೂ ಮಾಸ್ಕ್‌ಗೂ ಇರುವ ದೂರದಿಂದ ಭಾಗಿಸಿ. ಮುಚ್ಚಳದಿಂದ ನೀರಿನ ಮೇಲ್ಮೈ ಸುಮಾರು 12 ಮಿ.ಮೀ. ಕೆಳಗಿದೆ ಎಂದಿಟ್ಟುಕೊಂಡರೆ, 60ನ್ನು 12ರಿಂದ ಗುಣಿಸಿ 200ರಿಂದ ಭಾಗಿಸಿದಾಗ 3.6 ಮಿ.ಮೀ. ನಿಮ್ಮ ತೊಟ್ಟು ಅದಕ್ಕಿಂತ ಸಣ್ಣದಿದ್ದರೆ ಕಾಣುವ ಮಾತೇ ಇಲ್ಲ. ಮಸೂರವಿಲ್ಲದ ಎಲ್‌ಇಡಿಯ ಗುಮ್ಮಟ ಸುಮಾರು 5 ಮಿ.ಮೀ., ಅದನ್ನು 30 ಸೆಂ.ಮೀ. ಎತ್ತರಕ್ಕಿಟ್ಟರೆ ಮಸುಕು 0.2 ಮಿ.ಮೀ.ಗೆ ಇಳಿಯುತ್ತದೆ. ಹಾಗಿದ್ದರೂ ತೊಟ್ಟನ್ನು 2 ಮಿ.ಮೀ.ಗಿಂತ ಸಣ್ಣದಾಗಿ ಕೊರೆಯಬೇಡಿ. ಇವು ಸೆಕೆಂಡಿಗೆ ಸುಮಾರು 0.1 ಮಿ.ಮೀ. ಈಜುವ ಜೀವಿಗಳು, ಬೆಚ್ಚಿ ತಿರುಗುವಷ್ಟರಲ್ಲಿ ಗಡಿಯನ್ನು ತುಸು ದಾಟಿಯೇ ಇರುತ್ತವೆ. ಮಂದ ಮಾಡಬೇಕಾದರೆ ದೂರ ಸರಿಸಿ ಅಥವಾ ಕರೆಂಟ್ ಇಳಿಸಿ, ಮುಂದೆ ಏನನ್ನೂ ಹಿಡಿಯಬೇಡಿ.

ಸಾಸಿವೆ ಚುಕ್ಕೆಗಳಿಗೆ ಮುಚ್ಚಳದ ಒಳಗಿನ ಹನಿಗಳನ್ನು ನೋಡಿ. ಪ್ರತಿ ಹನಿಯೂ ಒಂದು ಪುಟ್ಟ ಮಸೂರ. ಮುಚ್ಚಳ ತೆಗೆದಿಡಬೇಡಿ, ನೀರು ಆವಿಯಾಗುತ್ತಾ ಮೇಲ್ಮೈ ತಣ್ಣಗಾಗಿ ಒಳಗೆ ಹರಿವು ಶುರುವಾಗುತ್ತದೆ. ಮುಚ್ಚಳದ ಒಳಮೈಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸವರಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಹನಿಗಟ್ಟದೆ ತೆಳು ಪದರವಾಗಿ ಹರಡುತ್ತದೆ. ಕಲ್ಚರ್‌ಗೆ ಸೋಪು ತಾಗದಂತೆ ನೋಡಿಕೊಳ್ಳಿ.

ಫೋಟೊಗೆ ಬೇರೆಯೇ ಬೆಳಕು ಬಳಸಿ. ತಟ್ಟೆಯ ಕೆಳಗೆ 660 ನ್ಯಾನೋಮೀಟರಿನ ಕೆಂಪು ಎಲ್‌ಇಡಿ, ಅದರ ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಡಿ. ಈಜಿನ ದಿಕ್ಕಿಗೆ ಯೂಗ್ಲೀನಾ ಕೆಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಚಿತ್ರ ಕದಲುವುದಿಲ್ಲ. ಕ್ಲೋರೊಫಿಲ್ ಮಾತ್ರ ಆ ಕೆಂಪನ್ನು ಚೆನ್ನಾಗಿ ಹೀರುತ್ತದೆ, ಆದ್ದರಿಂದ ಹಸಿರು ಭಾಗ ಗಾಢ ಕಪ್ಪಾಗಿ ಎದ್ದು ಕಾಣುತ್ತದೆ. ಮಾಸ್ಕ್ ಅಡ್ಡ ಬರುವುದರಿಂದ ಕ್ಯಾಮೆರಾ ಸಿದ್ಧವಿಟ್ಟುಕೊಂಡು, ಮೇಲಿನ ದೀಪ ಆರಿಸಿ ಮಾಸ್ಕ್ ಎತ್ತಿದ ಕ್ಷಣವೇ ಕ್ಲಿಕ್ಕಿಸಿ. ಚದುರಲು ಕೆಲವು ನಿಮಿಷ ಬೇಕು, ನಿಮಗೆ ಬೇಕಾದ್ದು ಎರಡು ಸೆಕೆಂಡ್. ಆಮೇಲೆ ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಳ್ಳಿ.

ನೂಲೆಳೆ:

ಇದೇ ಜೋಡಣೆಯಲ್ಲಿ ಕ್ಲಾಮಿಡೋಮೋನಾಸ್ (ಈಜುವ ಇನ್ನೊಂದು ಏಕಕೋಶ ಹಸಿರು ಪಾಚಿ) ಹಾಕಿದರೆ ಎರಡು ವಿಚಿತ್ರ. ಒಂದು ತಳಿ ಎಷ್ಟು ಮಂದ ಬೆಳಕಿಟ್ಟರೂ ದೂರವೇ ಓಡುತ್ತದೆ. ಇನ್ನೊಂದರ ಚಿತ್ರ ನೀರು ಅಲುಗಾಡಿಸಿದರೂ ಪೂರ್ತಿ ಅಳಿಯುವುದಿಲ್ಲ, ತಳದ ಗಾಜಿಗೆ ಅಂಟಿದಂತಿದೆ.

ಪಾಚಿಪಟ:

ಓಡುವ ತಳಿಯ ಸಂಖ್ಯೆ ನೋಡಿ. ಸಿಸಿ-124 ಆಗಿದ್ದರೆ ಅದರ ಸ್ವಭಾವವೇ ಹಾಗೆ, ದೀಪ ಬದಲಿಸಿ ಪ್ರಯೋಜನವಿಲ್ಲ. ಮಾಸ್ಕನ್ನು ತಿರುವುಮುರುವು ಮಾಡಿ, ಅಥವಾ ಸಿಸಿ-125 ಬಳಸಿ. ಕ್ಲಾಮಿಡೋಮೋನಾಸ್‌ನ ಬೆಳಕುಗ್ರಾಹಿ ಚಾನೆಲ್‌ರೊಡಾಪ್ಸಿನ್, 500 ನ್ಯಾನೋಮೀಟರಿನ ಆಸುಪಾಸಿನ ನೀಲಿಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಈಜಿದರೂ ದಿಕ್ಕು ಹಿಡಿಯದು.

ಅಂಟುವುದು ದೋಷವಲ್ಲ, ನಿಮ್ಮ ಅದೃಷ್ಟ. ನೀಲಿ ಬೆಳಕಿನಲ್ಲಿ ಕ್ಲಾಮಿಡೋಮೋನಾಸ್‌ನ ಕಶಾಂಗಗಳು ಗಾಜಿಗೆ ಅಂಟಿಕೊಳ್ಳುತ್ತವೆ, ಕೆಂಪಿನಲ್ಲಿ ಬಿಡುತ್ತವೆ; 2018ರಲ್ಲಿ ಪ್ರಕಟವಾದ ಸಂಶೋಧನೆ ಇದು. ಹಾಗಾಗಿ ಇಲ್ಲಿ ಕೆಂಪು ಹಿಂಬೆಳಕಿನ ಉಪಾಯ ಬೇಡ. ನೀಲಿ ಉರಿಯುತ್ತಿರುವಾಗಲೇ ತಟ್ಟೆಯನ್ನು ತುಸು ಓರೆ ಮಾಡಿ, ಅಂಚಿನಿಂದ ದ್ರವವನ್ನು ಪಿಪೆಟ್‌ನಲ್ಲಿ ಎಳೆದು, ಹೊಸ ದ್ರವವನ್ನು ಗೋಡೆಗುಂಟ ಇಳಿಬಿಡಿ. ಎರಡು ಸಲ ಮಾಡಿದರೆ ತೇಲುತ್ತಿದ್ದವು ಹೋಗಿ ಅಂಟಿದ ಚಿತ್ರ ಉಳಿಯುತ್ತದೆ. ಇದಕ್ಕೆ ಗಾಜಿನ ತಟ್ಟೆಯೇ ಇರಲಿ, ಹೊಸದಾಗಿ ತೊಳೆದದ್ದು.

ಹಸಿರುಹನಿ:

1 ವ್ಯಾಟ್ ಎಲ್‌ಇಡಿ ಬಂತು. 28 ಸೆಂ.ಮೀ., 380 ಲಕ್ಸ್, 22 ನಿಮಿಷ. ತೊಟ್ಟು ಸ್ಪಷ್ಟ, ಚುಕ್ಕೆ ಒಂದೂ ಇಲ್ಲ. ಕೆಂಪು ಬೆಳಕಿನ ಫೋಟೊದಲ್ಲಿ ಎಲೆಯ ನಡುನಾಳಕ್ಕೆ ಬಿಟ್ಟ 2 ಮಿ.ಮೀ. ಕಪ್ಪು ಗೆರೆ ಕೂಡ ಬಿಳಿಯಾಗಿ ಉಳಿದಿದೆ. ಒಂದೇ ಪ್ರಶ್ನೆ: ಈ 12 ಮಿ.ಲೀ.ಯನ್ನು ಮೂಲ ಕಲ್ಚರ್‌ಗೆ ವಾಪಸ್ ಸುರಿಯಬಹುದೇ?

ಪಾಚಿಪಟ:

ಬೇಡ. ತೆರೆದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ, ಸೀಲಿಯೇಟ್ (ರೋಮದಂಥ ಎಳೆಗಳಿಂದ ಈಜುವ ಏಕಕೋಶ ಜೀವಿ) ಸೇರಿರಬಹುದು. ಒಂದೆರಡು ಸೀಲಿಯೇಟ್ ಹೋದರೂ ಮೂಲ ಕಲ್ಚರ್ ಕೆಡುತ್ತದೆ. ಬೇರೆ ಸೀಸೆಗೆ ಹಾಕಿ, ಅಷ್ಟೇ ಪ್ರಮಾಣದ ಹೊಸ ದ್ರವ ಸೇರಿಸಿ, ಮೂರು ದಿನ ಬಿಟ್ಟು ಅದನ್ನೇ ಮುಂದಿನ ಚಿತ್ರಕ್ಕೆ ಬಳಸಿ.