ಕೆರೆಯಂಚಿನ ಬೂದು ಹಕ್ಕಿಗಳು ಏಪ್ರಿಲ್‌ನಲ್ಲಿ ಕೆಂಪಾಗುವುದೇಕೆ?

ಪ್ರಶ್ನೆ:
ಗದಗ ಜಿಲ್ಲೆಯ ನಮ್ಮೂರ ಕೆರೆಯಲ್ಲಿ ನೀರು ಹಿಂದೆ ಸರಿದಂತೆಲ್ಲ, ಗುಬ್ಬಚ್ಚಿಗಿಂತಲೂ ಚಿಕ್ಕದಾದ ಬೂದು ಬಣ್ಣದ ಹಕ್ಕಿಗಳು ಗುಂಪಾಗಿ ಬಂದು ಹಸಿ ಕೆಸರಿನಲ್ಲಿ ಬಿಡುವಿಲ್ಲದೆ ಕುಕ್ಕುತ್ತ ಓಡಾಡುತ್ತವೆ. ಅವುಗಳ ಕಾಲು, ಕೊಕ್ಕು ಎರಡೂ ಕಪ್ಪು. ಏಪ್ರಿಲ್ ಹೊತ್ತಿಗೆ ಅದೇ ಗುಂಪಿನಲ್ಲಿ ಕೆಂಗಂದು ಮೈಯ ಹಕ್ಕಿಗಳು ಕಾಣಿಸುತ್ತವೆ. ಇವು ಬೇರೆ ಜಾತಿಯವೇ? ಮೇ ಹೊತ್ತಿಗೆ ಇವೆಲ್ಲ ಎಲ್ಲಿಗೆ ಹೋಗುತ್ತವೆ?

ಉತ್ತರ 1:
ನಿಮ್ಮ ವಿವರಣೆಯಂತೆ ಇವು ಲಿಟಲ್ ಸ್ಟಿಂಟ್‌ಗಳು, ಎರಡು ಬಣ್ಣದವೂ ಒಂದೇ ಜಾತಿಯವು. ಮರುವಲಸೆಗೆ ಮುನ್ನ ಹಳೆಯ ಬೂದು ಗರಿಗಳು ಉದುರಿ ಸಂತಾನಕಾಲದ ಕೆಂಗಂದು ಗರಿಗಳು ಮೂಡುತ್ತವೆ. ಎಲ್ಲ ಹಕ್ಕಿಗಳೂ ಒಂದೇ ವಾರದಲ್ಲಿ ಗರಿ ಬದಲಿಸುವುದಿಲ್ಲವಾದ್ದರಿಂದ ಗುಂಪು ಮಿಶ್ರವಾಗಿ ತೋರುತ್ತದೆ. ಇದನ್ನು ಹೋಲುವ ಟೆಮ್ಮಿಂಕ್ ಸ್ಟಿಂಟ್ ಕೂಡ ನಮ್ಮ ಕೆರೆಗಳಿಗೆ ಬರುತ್ತದೆ. ಆದರೆ ಅದರ ಕಾಲು ಹಳದಿ ಮಿಶ್ರಿತ ಹಸಿರು, ಬಾಲದ ಅಂಚಿನ ಗರಿಗಳು ಅಚ್ಚ ಬಿಳಿ. ಬಯಲು ಕೆಸರಿಗಿಂತ ಹುಲ್ಲು ಬೆಳೆದ ಅಂಚೇ ಅದಕ್ಕೆ ಹೆಚ್ಚು ಪ್ರಿಯ.

ಉತ್ತರ 2:
ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ಹಕ್ಕಿಯ ಬಾಳಿನಲ್ಲಿ ನನಗೆ ಅತ್ಯಂತ ವಿಸ್ಮಯಕರವಾಗಿ ಕಂಡಿರುವುದು ಅಲ್ಲಿನ ಕೆಲವೇ ವಾರಗಳು. ಸುಮಾರು 20ರಿಂದ 30 ಗ್ರಾಂ ತೂಗುವ ಈ ಜೀವ ಹಿಮಾಲಯದಾಚೆಗೆ, ಉತ್ತರ ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದವರೆಗೆ ಹಬ್ಬಿರುವ ಮರಗಳಿಲ್ಲದ ಟಂಡ್ರಾ ಬಯಲಿಗೆ ಹೋಗುತ್ತದೆ. ಅಲ್ಲಿನ ಬೇಸಿಗೆ ಬಹಳ ಚಿಕ್ಕದು. ಆದರೆ ಸೂರ್ಯ ಮುಳುಗದ ಆ ದಿನಗಳಲ್ಲಿ ಕೀಟಗಳು ಅಪಾರವಾಗಿ ಹುಟ್ಟುವುದರಿಂದ ಮರಿಗಳು ಹಗಲಿರುಳೆನ್ನದೆ ಮೇಯಬಹುದು. ಸಮಯ ಕಡಿಮೆಯಿರುವುದರಿಂದಲೋ ಏನೋ, ಇವುಗಳ ಸಂಸಾರದ ವ್ಯವಸ್ಥೆಯೂ ಬೇರೆಯೇ: ಹೆಣ್ಣು ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಟ್ಟು ಅವುಗಳ ಕಾವನ್ನು ಗಂಡಿಗೆ ಬಿಟ್ಟು, ಬೇರೊಂದು ಗಂಡಿನೊಡನೆ ಕೂಡಿ ಮತ್ತೊಂದು ಗೂಡಿನಲ್ಲಿ ಮೊಟ್ಟೆಯಿಟ್ಟು ಅದಕ್ಕೆ ತಾನೇ ಕಾವು ಕೊಡುತ್ತದೆ. ಹೀಗೆ ಒಂದೇ ಬೇಸಿಗೆಯಲ್ಲಿ ಎರಡು ಗೂಡುಗಳು ಏಕಕಾಲಕ್ಕೆ ಸಾಗುತ್ತವೆ. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿಗಳು ಓಡಾಡಿ ತಾವೇ ಹುಳ ಹಿಡಿಯುತ್ತವೆ; ಗುಟುಕು ಕೊಡುವ ಕೆಲಸ ತಾಯಿಗೂ ಇಲ್ಲ, ತಂದೆಗೂ ಇಲ್ಲ. ದೊಡ್ಡ ಹಕ್ಕಿಗಳು ಮೊದಲು ದಕ್ಷಿಣಕ್ಕೆ ಹೊರಡುತ್ತವೆ, ಆ ವರ್ಷದ ಮರಿಗಳು ಅವುಗಳ ನಂತರ ತಮ್ಮಷ್ಟಕ್ಕೆ ತಾವೇ ಪಯಣಿಸುತ್ತವೆ. ದಾರಿ ತೋರಿಸಲು ಹಿರಿಯರಿಲ್ಲದ ಆ ಮೊದಲ ಯಾನವನ್ನು ನೆನೆದಾಗಲೆಲ್ಲ ನನಗೆ ಈ ಹಕ್ಕಿಯ ಮೇಲಿನ ಗೌರವ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮ ಕೆರೆಯ ಹೂಳೆತ್ತಿ ಸುತ್ತಲೂ ಕಲ್ಲು ಕಟ್ಟುವ ಮಾತು ನಡೆದಿದೆ. ಇದರಿಂದ ಇವುಗಳಿಗೆ ತೊಂದರೆಯಾಗಬಹುದೇ?

ಉತ್ತರ 3:
ಖಂಡಿತ ಆಗುತ್ತದೆ. ಇವುಗಳ ಕಾಲು ಎಷ್ಟು ಗಿಡ್ಡವೆಂದರೆ, ಒದ್ದೆ ಕೆಸರು ಮತ್ತು ಒಂದೆರಡು ಸೆಂಟಿಮೀಟರ್ ಆಳದ ನೀರು ಮಾತ್ರ ಇವುಗಳ ಮೇವಿನ ನೆಲ. ಕೆರೆ ಎಷ್ಟೇ ತುಂಬಿರಲಿ, ದಂಡೆ ಕಡಿದಾಗಿದ್ದರೆ ಇವುಗಳಿಗೆ ಅಲ್ಲಿ ಜಾಗವಿಲ್ಲ. ಹೂಳೆತ್ತುವುದನ್ನು ನಾನು ವಿರೋಧಿಸುವುದಿಲ್ಲ, ಊರಿಗೆ ನೀರು ಬೇಕು. ಆದರೆ ಹಳ್ಳದ ನೀರು ಕೆರೆಗೆ ಬಂದು ಸೇರುವ ಬದಿಯ ಇಳಿಜಾರನ್ನಾದರೂ ಕಲ್ಲು ಕಟ್ಟದೆ ಈಗಿರುವಂತೆಯೇ ಬಿಡುವಂತೆ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಮನವಿ ಮಾಡಿ. ಕೆಲಸವನ್ನು ಹಕ್ಕಿಗಳು ಹೊರಟ ಬಳಿಕ, ಮೇ ತಿಂಗಳಿನಲ್ಲಿ ನಡೆಸಲು ಸಾಧ್ಯವೇ ಎಂದೂ ಕೇಳಿ. ಆಗಸ್ಟ್ ಕೊನೆಯಿಂದ ಅವು ಮತ್ತೆ ಬರತೊಡಗುತ್ತವೆ.