ಹಳೇ 1613 ಲಾರಿ ಘಾಟಿ ಹತ್ತುತ್ತಿಲ್ಲ, ಡೀಸೆಲ್ ಬೇರೆ ಜಾಸ್ತಿ ಕುಡಿಯುತ್ತಿದೆ. ಅನುಭವ ಇರುವವರು ಹೇಳಿ

ಪ್ರಶ್ನೆ, ಯಲ್ಲಾಪುರದಿಂದ:
ನಮ್ಮದು 2007ರ ಮಾಡೆಲ್ 1613, ಆರು ಚಕ್ರದ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನ್) ಗಾಡಿ. ಅಂಕೋಲಾ–ಹುಬ್ಬಳ್ಳಿ ಲೈನ್. ಲೋಡ್ ಇದ್ದರೂ ಲೀಟರಿಗೆ 4.5 ಕಿಲೋಮೀಟರ್ ಕೊಡುತ್ತಿತ್ತು, ಈಗ 3.5 ಬಂದರೆ ಹೆಚ್ಚು. ಅರಬೈಲ್ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಈಗ ಎರಡಕ್ಕೆ ಬಿದ್ದು ತೆವಳುತ್ತದೆ. ಹೊಗೆ ಕಪ್ಪು. ಒಬ್ಬ ಮೇಸ್ತ್ರಿ ಡೀಸೆಲ್ ಪಂಪ್ ಬಿಚ್ಚಿ ಇಳಿಸಿ ಎನ್ನುತ್ತಾರೆ, ಇನ್ನೊಬ್ಬರು ಇಂಜಿನ್ನೇ ಬಿಚ್ಚಬೇಕು ಎನ್ನುತ್ತಾರೆ. ದುಡ್ಡು ಸುರಿಯುವ ಮುಂಚೆ ನಾನೇ ಏನೇನು ನೋಡಬಹುದು?

ಪಂಪ್ ಕೆಲಸದವನು, ಹುಬ್ಬಳ್ಳಿ:
ಪಂಪ್ ಇಳಿಸಿದರೆ ನನ್ನಂಥವರಿಗೇ ಲಾಭ. ಆದರೂ ಹೇಳುತ್ತೇನೆ, ಈಗಲೇ ಇಳಿಸಬೇಡಿ ಅಣ್ಣಾ. ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಎಂದರೆ ಡೀಸೆಲ್ ಬರುತ್ತಿದೆ, ಅದು ಪೂರ್ತಿ ಉರಿಯುವಷ್ಟು ಗಾಳಿ ಸಿಗುತ್ತಿಲ್ಲ. ಇಲ್ಲವೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಮಂಜಿನ ಹಾಗೆ ಸ್ಪ್ರೇ ಮಾಡದೆ ತೊಟ್ಟಿಕ್ಕುತ್ತಿದೆ. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದಿದ್ದರೆ ಕಥೆ ಬೇರೆ. ಆಗ ಡೀಸೆಲ್ಲೇ ಸಾಲುತ್ತಿರುವುದಿಲ್ಲ: ಫಿಲ್ಟರ್ ಕಟ್ಟಿರುತ್ತದೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಜಾಲರಿಯಲ್ಲಿ ಕಸ ಕೂತಿರುತ್ತದೆ, ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿರುತ್ತದೆ, ಅಥವಾ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಂಪಿನ ಲಿವರ್ ಕೊನೆವರೆಗೆ ಹೋಗುತ್ತಿರುವುದಿಲ್ಲ. ಬೂಸ್ಟ್ ಡಯಾಫ್ರಮ್ (ಟರ್ಬೊ ಗಾಳಿಗೆ ತಕ್ಕಂತೆ ಡೀಸೆಲ್ ಏರಿಸುವ ಪೊರೆ) ಇರುವ ಪಂಪಾದರೆ ಅದು ಹರಿದರೂ ಹೀಗೇ. ಲಿವರ್ ಅಂತೂ ಪುಕ್ಕಟೆ ಚೆಕ್, ಕ್ಲೀನರ್ ಹುಡುಗನನ್ನು ಕ್ಯಾಬಿನ್‌ನಲ್ಲಿ ಕೂರಿಸಿ ಒತ್ತಿಸಿ, ನೀವು ಕೆಳಗೆ ನಿಂತು ನೋಡಿ.

ನಿಮ್ಮದು ಕಪ್ಪು, ಹಾಗಾಗಿ ಗಾಳಿಯಿಂದ ಶುರು ಮಾಡಿ. ಏರ್ ಫಿಲ್ಟರ್ ತೆಗೆದು ಒಳಗೆ ಬಲ್ಬ್ ಬಿಟ್ಟು ನೋಡಿ. ಬೆಳಕು ಎಲ್ಲೂ ಕಾಣದಿದ್ದರೆ ಕಟ್ಟಿದೆ. ಒಂದೇ ಕಡೆ ಚುಕ್ಕಿಯಾಗಿ ಜೋರಾಗಿ ಕಂಡರೆ ಹರಿದಿದೆ, ಅದು ಇನ್ನೂ ಕೆಟ್ಟದ್ದು, ಧೂಳು ನೇರ ಒಳಗೆ ಹೋಗಿ ಸಿಲಿಂಡರಿನ ಒಳಗೋಡೆ, ಅಂದರೆ ಲೈನರ್ ತಿನ್ನುತ್ತದೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆದು ಹೊಡೆದೇ ನಮ್ಮವರು ಪೇಪರ್ ಹರಿಯುವುದು.

ಆಮೇಲೆ ಟರ್ಬೊದಿಂದ ಮ್ಯಾನಿಫೋಲ್ಡ್‌ವರೆಗಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪ್) ರಬ್ಬರ್ ಹೋಸ್. ಆ ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದರೆ ಅದರ ಎರಡೂ ಕಡೆಯದ್ದು. ಇಲ್ಲಿನ ಸೀಳು ಗಾಡಿ ನಿಂತಾಗ ಗೊತ್ತೇ ಆಗುವುದಿಲ್ಲ, ಲೋಡ್ ಎಳೆಯುವಾಗ ಮಾತ್ರ ಬಾಯಿ ಬಿಡುತ್ತದೆ. ಆಯಿಲ್ ಜಿಡ್ಡಿಗೆ ಧೂಳು ಮೆತ್ತಿಕೊಂಡಿರುವ ಜಾಗವನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಟರ್ಬೊ ಶಾಫ್ಟನ್ನು ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಆಟ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡಿ. ಹಿಂದೆ ಮುಂದೆ ಆಡುತ್ತಿದ್ದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇದ್ದರೆ ಟರ್ಬೊ ಕೆಲಸ ಇದೆ.

ಎಲ್ಲರೂ ಮರೆಯುವುದು ಎಕ್ಸಾಸ್ಟ್ ಬ್ರೇಕ್, ಇಳಿಜಾರಿನಲ್ಲಿ ಹೊಗೆ ತಡೆದು ಗಾಡಿ ನಿಧಾನ ಮಾಡುವುದು. ಸೈಲೆನ್ಸರ್ ಪೈಪಿನ ಫ್ಲ್ಯಾಪ್ ಮಸಿ ಕಟ್ಟಿ ಅರ್ಧ ಮುಚ್ಚಿಕೊಂಡೇ ನಿಂತುಬಿಡುತ್ತದೆ. ಹಳೇ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದು ಹೇಗೆ? ಘಾಟಿ ಗಾಡಿಗಳಲ್ಲಿ ಇದನ್ನು ಬಹಳ ನೋಡಿದ್ದೇನೆ. ಹೊರಗಿನ ಲಿವರ್ ಒಮ್ಮೆ ಒತ್ತಿ ಬಿಟ್ಟರೆ ಸ್ಪ್ರಿಂಗ್ ಎಳೆದುಕೊಂಡು ಪೂರ್ತಿ ವಾಪಸ್ ಬರಬೇಕು.

ಇಷ್ಟೆಲ್ಲ ಸರಿ ಇದ್ದರೆ ಆಗ ನಾಜಲ್. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವಾಗ) ಒಂದೊಂದೇ ನಾಜಲ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಇಂಜಿನ್ ಸದ್ದು ಬದಲಾಗಿ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಸಡಿಲಿಸಿದರೂ ಸದ್ದು ಹಾಗೇ ಇದ್ದರೆ ಅದೇ ಸೋಮಾರಿ. ಬಟ್ಟೆ ಸುತ್ತಿ ಮಾಡಿ, ಕೈ ಹತ್ತಿರ ಒಡ್ಡಬೇಡಿ, ಆ ಪ್ರೆಶರ್‌ನಲ್ಲಿ ಡೀಸೆಲ್ ಚರ್ಮದೊಳಕ್ಕೆ ನುಗ್ಗುತ್ತದೆ. ಹಾಗಾದರೆ ನೇರ ಆಸ್ಪತ್ರೆಯೇ.

ಡ್ರೈವರ್, ಸಕಲೇಶಪುರ:
ಇಂಜಿನ್ನಿಗೆ ಬೈಯುವ ಮುಂಚೆ ಚಕ್ರ ಮುಟ್ಟಿ ನೋಡಿದ್ದೀರಾ? ನಾನು ಶಿರಾಡಿ ಘಾಟಿಯಲ್ಲಿ ಓಡಿಸುವವನು. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಬಿಸಿಯಾಗಿ ಬ್ರೇಕ್ ಅಗಲಿಸುವ ಎಸ್-ಕ್ಯಾಮ್ ಗ್ರೀಸ್ ಒಣಗುತ್ತದೆ, ಪೆಡಲ್ ಬಿಟ್ಟರೂ ಬ್ರೇಕ್ ಲೈನರ್ ಡ್ರಮ್ಮಿಗೆ ತಾಗಿಕೊಂಡೇ ಇರುತ್ತದೆ. ಸಮತಟ್ಟು ರಸ್ತೆಯಲ್ಲಿ ಸುಮಾರು ದೂರ ಬ್ರೇಕ್ ಕಡಿಮೆ ಮುಟ್ಟಿ ಓಡಿಸಿ, ನಿಲ್ಲಿಸಿ, ಒಂದೊಂದು ಚಕ್ರದ ನಡುವಿನ ಹಬ್ಬಿನ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಅದು ಜಾಮ್. ಜ್ಯಾಕ್ ಕೊಟ್ಟು ಚಕ್ರ ತಿರುಗಿಸಿದರೂ ಗೊತ್ತಾಗುತ್ತದೆ. ಜೊತೆಗೆ ಕ್ಲಚ್. ಏರಿನಲ್ಲಿ ಇಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ, ಪಂಪ್ ಪಾಪ ಏನು ಮಾಡುತ್ತದೆ?

ಮಾಲೀಕ, ಚಿತ್ರದುರ್ಗ:
3.5 ಎಂದು ಹೇಗೆ ಲೆಕ್ಕ ಹಾಕಿದಿರಿ? ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿ, ವಾಪಸ್ ಅಲ್ಲೇ ಫುಲ್ ಮಾಡಿ ಲೆಕ್ಕ ಹಾಕಿ. ಡ್ರೈವರ್ ಹೇಳಿದ ಲೀಟರ್ ಬೇಡ, ಬಿಲ್ ಲೀಟರ್ ಬೇಕು. ಡೀಸೆಲ್ ದಾರಿಯಲ್ಲಿ ಇಳಿಯುವುದೂ ಉಂಟು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕೂಡ ನೋಡಿ. ಇಂಜಿನ್ ಆಯಿಲ್ ಲೆವೆಲ್ ಏರುತ್ತಿದ್ದರೆ, ಡೀಸೆಲ್ ವಾಸನೆ ಬಂದರೆ, ಒಳಗೇ ಸೋರಿ ಆಯಿಲಿಗೆ ಸೇರುತ್ತಿದೆ. ಹಾಗೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ನಿವೃತ್ತ ಮೇಸ್ತ್ರಿ, ದಾವಣಗೆರೆ:
ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಇದೆಯೋ ಇಲ್ಲವೋ ಕೇಳಿ. ಹಳೇ ಗಾಡಿಗಳಲ್ಲಿ ಅದನ್ನು ಕಿತ್ತು ಬಿಸಾಡುವುದು ನಮ್ಮ ಕಡೆ ಒಂದು ಚಟ. ಇಂಜಿನ್ ಸರಿಯಾಗಿ ಬಿಸಿಯೇ ಏರದಿದ್ದರೆ ಡೀಸೆಲ್ ಜಾಸ್ತಿ ಹೋಗುತ್ತದೆ, ಲೈನರ್ ಬೇಗ ಸವೆಯುತ್ತದೆ.

ಮಾಲೀಕ, ಚಿತ್ರದುರ್ಗ:
ಮೇಸ್ತ್ರಿ ಸರ್, ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಇಟ್ಟರೆ ಹೀಟ್ ಆಗಲ್ವಾ?

ನಿವೃತ್ತ ಮೇಸ್ತ್ರಿ, ದಾವಣಗೆರೆ:
ಅದು ಸರಿ ಇದ್ದರೆ ಆಗುವುದಿಲ್ಲ. ಹೀಟ್ ಆಗುತ್ತಿದ್ದರೆ ರೇಡಿಯೇಟರ್ ಕಟ್ಟಿದೆ, ಬೆಲ್ಟ್ ಸಡಿಲ ಇದೆ, ಅಥವಾ ವಾಟರ್ ಪಂಪ್ ಕೆಟ್ಟಿದೆ. ಅದನ್ನು ರಿಪೇರಿ ಮಾಡದೆ ಥರ್ಮೋಸ್ಟಾಟ್ ತೆಗೆದರೆ ಸುಮ್ನೆ ರೋಗ ಮುಚ್ಚಿಟ್ಟ ಹಾಗೆ. ಇನ್ನು ಇಂಜಿನ್ ಬಿಚ್ಚುವ ಮಾತು. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ನೋಡಿ. ಅಲ್ಲಿಂದ ಬುಸುಬುಸು ಹೊಗೆ, ಜೊತೆಗೆ ಆಯಿಲ್ ಕಡಿಮೆಯಾಗುವುದು, ನೀಲಿ ಹೊಗೆ, ಮೂರೂ ಇದ್ದರೆ ಪಿಸ್ಟನ್ ರಿಂಗ್, ಲೈನರ್ ಸವೆದಿದೆ ಎನ್ನಿ. ಇಲ್ಲದಿದ್ದರೆ ಟ್ಯಾಪೆಟ್ (ವಾಲ್ವ್‌ಗಳ ಸಂದು) ಸೆಟ್ ಮಾಡಿಸಿ ಸಾಕು.

ಪ್ರಶ್ನೆ ಕೇಳಿದವನು, ಯಲ್ಲಾಪುರ:
ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. ಏರ್ ಫಿಲ್ಟರ್ ಪರವಾಗಿಲ್ಲ, ಟರ್ಬೊ ಸರಿ ಇದೆ, ಬ್ರೀದರ್‌ನಲ್ಲಿ ಹೊಗೆ ಇಲ್ಲ. ಎಕ್ಸಾಸ್ಟ್ ಬ್ರೇಕ್ ಲಿವರ್ ಅರ್ಧಕ್ಕೇ ನಿಂತಿತ್ತು, ಸುತ್ತಿಗೆಯಲ್ಲಿ ಬಡಿದರೂ ಬರಲಿಲ್ಲ, ಇಳಿಸಿ ಮಸಿ ಕೆರೆಸಿದೆ. ಹಿಂದಿನ ಎಡ ಹಬ್ ಕೂಡ ಬಿಸಿ ಇತ್ತು, ಬಿಚ್ಚಿ ಗ್ರೀಸ್ ಮಾಡಿಸಿದೆ. ನಿನ್ನೆ ಅರಬೈಲ್ ಮೂರರಲ್ಲೇ ಹತ್ತಿತು. ಮೈಲೇಜ್ ಇನ್ನೂ ಫುಲ್ ಟ್ಯಾಂಕ್ ಲೆಕ್ಕ ಆಗಬೇಕು. ಆದರೆ ಗೇರ್ ಬದಲಿಸಿ ಒತ್ತಿದಾಗ ಕಪ್ಪು ಹೊಗೆ ಇನ್ನೂ ಸ್ವಲ್ಪ ಬರುತ್ತಿದೆ.

ಪಂಪ್ ಕೆಲಸದವನು, ಹುಬ್ಬಳ್ಳಿ:
ಗೇರ್ ಬದಲಿಸಿದ ಕ್ಷಣ ಸ್ವಲ್ಪ ಹೊಗೆ ಹಳೇ ಟರ್ಬೊ ಗಾಡಿಯಲ್ಲಿ ಬಂದೇ ಬರುತ್ತದೆ, ಟರ್ಬೊ ಸ್ಪೀಡ್ ಹಿಡಿಯಬೇಕಲ್ಲ. ಏರು ಪೂರ್ತಿ ಹೊಗೆ ಬರುತ್ತಿದ್ದರೆ ಮಾತ್ರ ಯೋಚನೆ. ಹಾಗಿದ್ದರೆ ಪಂಪಿನ ಮೇಲಿನ ಸೀಲ್ (ಸೆಟ್ಟಿಂಗ್ ಯಾರೂ ಬದಲಿಸದಂತೆ ಹಾಕಿದ್ದು) ನೋಡಿ. ನಿಮ್ಮದು ಮೈಕೋ ಪಂಪ್ ಇರಬೇಕು (2008ರಿಂದ ಕಂಪನಿ ಹೆಸರು ಬಾಷ್ ಆಗಿದೆ, ನಮ್ಮ ಬಾಯಲ್ಲಿ ಇನ್ನೂ ಮೈಕೋನೇ). ಫ್ಲ್ಯಾಪ್ ಜಾಮ್ ಆಗಿದ್ದ ಕಾಲಕ್ಕೆ ಎಳೆತ ಇಲ್ಲ ಎಂದು ಯಾರಾದರೂ ಹೆಚ್ಚು ಡೀಸೆಲ್ ಹೋಗಲೆಂದು ಪಂಪಿನ ಸ್ಕ್ರೂ ಏರಿಸಿದ್ದರೆ ಸೀಲ್ ಕಿತ್ತಿರುತ್ತದೆ. ಅಂಥ ಗಾಡಿಯನ್ನು ಹಾಗೇ ಓಡಿಸಿದರೆ ಮೈಲೇಜ್ ಬರುವುದಿಲ್ಲ, ಘಾಟಿಯಲ್ಲಿ ಎಕ್ಸಾಸ್ಟ್ ಕೆಂಪಗೆ ಕಾದು ಪಿಸ್ಟನ್ನಿಗೆ ಕೆಲಸ ಕೊಡುತ್ತದೆ. ಸೀಲ್ ಇಲ್ಲದಿದ್ದರೆ ಪಂಪ್ ಇಳಿಸಿ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ, ಕಿವಿಯಲ್ಲಿ ಸದ್ದು ಕೇಳಿ ಸೆಟ್ ಮಾಡುತ್ತೇನೆ ಎನ್ನುವವರಿಗೆ ಕೊಡಬೇಡಿ. ಸೀಲ್ ಹಾಗೇ ಇದ್ದರೆ ಪಂಪ್ ಮುಟ್ಟುವುದು ಬೇಡ, ಆರೂ ನಾಜಲ್ ಮಾತ್ರ ಬಿಚ್ಚಿ ಚೆಕ್ ಮಾಡಿಸಿ. ವಾಪಸ್ ಹಾಕುವಾಗ ತಾಮ್ರದ ವಾಷರ್ ಹೊಸದೇ ಹಾಕಿಸಿ.